ಬೇಸಿಗೆಯ ಕುಂಡಕ್ಕೆ ಯಾವ ಹೂವು?

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದವರ ಮನೆಯಲ್ಲಿ ಮುಂದಿನ ಒಂದು ತಿಂಗಳು ಹೂವಿನದೇ ಮಾತು. ಗಾಜಿನ ಮನೆಯಿಂದ ಹೊರಬಿದ್ದೊಡನೆ ಕಾಲುಗಳು ತಾವಾಗಿಯೇ ಸಸಿ ಮಾರುವವರ ಕಡೆಗೆ ತಿರುಗುತ್ತವೆ. ಪೆಟೂನಿಯಾ, ಸಾಲ್ವಿಯಾ, ಪ್ಯಾನ್ಸಿ, ಫ್ಲಾಕ್ಸ್ ಮುಂತಾದ ಮೊಗ್ಗು ತುಂಬಿದ ಸಸಿಗಳು ಆಟೋರಿಕ್ಷಾ ಏರಿ ಮನೆಗೆ ಬರುತ್ತವೆ. ಫೆಬ್ರವರಿ ಮುಗಿಯುವ ತನಕ ಬಾಗಿಲ ಮುಂದೆ ಹಬ್ಬವೋ ಹಬ್ಬ. ಯುಗಾದಿಯ ಹೊತ್ತಿಗೆ ಕುಂಡದಲ್ಲಿ ಒಣಕಡ್ಡಿ. ಆಗ ಮನೆಯ ಹಿರಿಯರಲ್ಲಿ ಯಾರಾದರೊಬ್ಬರು, “ಏನು ಮಾಡುವುದಮ್ಮ, ಎಲ್ಲಕ್ಕೂ ಕೈಗುಣ ಬೇಕು” ಎಂದುಬಿಡುತ್ತಾರೆ. ಆ ಮಾತು ತಗಲಬೇಕಾದವರಿಗೆ ತಗಲುತ್ತದೆ. ಮರುವರ್ಷದಿಂದ ಆ ಸೊಸೆ ಕುಂಡದ ಗೋಜಿಗೇ ಹೋಗುವುದಿಲ್ಲ.

ಮೊದಲು ಈ ಅಪವಾದವನ್ನು ತೊಡೆದುಹಾಕೋಣ. ಮೇಲೆ ಹೇಳಿದ ಗಿಡಗಳೆಲ್ಲ ಚಳಿಗಾಲದ ಅತಿಥಿಗಳು. ಅವುಗಳ ಆಯುಸ್ಸೇ ಕೆಲವು ತಿಂಗಳು. ಹೂಬಿಟ್ಟ ಸಸಿಯನ್ನು ನಾವು ಕೊಳ್ಳುವಾಗಲೇ ಅದರಲ್ಲಿ ಅರ್ಧ ಕಳೆದಿರುತ್ತದೆ. ಮಾರ್ಚಿಯ ಬಿಸಿಲು ಉಳಿದರ್ಧವನ್ನು ಮುಗಿಸುತ್ತದೆ. ಎಂಥ ಕೈಗುಣದವರೂ ಅವನ್ನು ಮೇ ತಿಂಗಳಿಗೆ ದಾಟಿಸಲಾರರು. ಬೇಸಿಗೆಗೆ ಬೇಸಿಗೆಯ ಗಿಡಗಳೇ ಬೇಕು. ಅವುಗಳನ್ನು ಆರಿಸುವ ಮುನ್ನ ಎರಡು ವಿಷಯಗಳನ್ನು ತಿಳಿದುಕೊಂಡಿರಬೇಕು: ಕುಂಡವಿಡುವ ಜಾಗದಲ್ಲಿ ಬಿಸಿಲೆಷ್ಟು, ಮನೆಯಲ್ಲಿ ನೀರೆಷ್ಟು.

ಬಿಸಿಲಿನ ಲೆಕ್ಕವನ್ನು ಜನವರಿಯಲ್ಲಿ ಹಾಕಿ ಏಪ್ರಿಲಿನಲ್ಲಿ ನಂಬುವಂತಿಲ್ಲ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ಬಾಗಿ ಸಾಗುವುದರಿಂದ ಮನೆಯ ದಕ್ಷಿಣದ ಬದಿಗೆ ದಿನವಿಡೀ ಬಿಸಿಲು, ಉತ್ತರದ ಬದಿಗೆ ನೆರಳು. ಮಾರ್ಚ್ 21ರ ತರುವಾಯ ಅವನು ಪೂರ್ವಕ್ಕಿಂತ ತುಸು ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ ಸರಿದು ಮುಳುಗುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಗಳಿಗೆಯಲ್ಲಿ ನೆರಳೇ ಇರುವುದಿಲ್ಲ. ಧಾರವಾಡದಲ್ಲಿ ಇದು ಮೇ ಮೊದಲ ವಾರ, ಕಲಬುರಗಿಯಲ್ಲಿ ಎರಡನೆಯ ವಾರ. ಅಲ್ಲಿಂದ ಮುಂದೆ, ಬೆಂಗಳೂರಿನ ಮಟ್ಟಿಗೆ ಆಗಸ್ಟ್ ನಡುವಿನವರೆಗೂ, ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ.

ಇದರ ಪರಿಣಾಮವನ್ನು ಗಮನಿಸಿ. ಉತ್ತರದ ಬಾಲ್ಕನಿ ಸದಾ ತಂಪು ಎಂದು ಅಲ್ಲಿ ಬೆಗೋನಿಯಾಗಳನ್ನು ಜೋಡಿಸಿಟ್ಟವರು ಮೇ ತಿಂಗಳಲ್ಲಿ ಎಲೆಯಂಚು ಕಂದಿದ್ದನ್ನು ಕಂಡು ರೋಗವೆಂದು ತಿಳಿಯುತ್ತಾರೆ. ಅದು ರೋಗವಲ್ಲ, ಬಿಸಿಲು. ಅತ್ತ ದಕ್ಷಿಣದ ಕಿಟಕಿಯ ಕೆಳಗೆ, ಸಜ್ಜೆಯ ಆಸರೆಯಲ್ಲಿ, ಜನವರಿಯಲ್ಲಿ ಹೂವಾಗಿದ್ದ ಗಿಡ ಈಗ ನೆರಳಿಗೆ ಸಿಕ್ಕಿ ಬರಿಯ ಎಲೆ ಬಿಡುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಪಶ್ಚಿಮದ ಗೋಡೆಯ ಬುಡ. ಮಧ್ಯಾಹ್ನದ ಬಿಸಿಲು ಒಂದು ಕಡೆ, ಕಾದ ಗೋಡೆಯ ಝಳ ಮತ್ತೊಂದು ಕಡೆ.

ಮಕ್ಕಳಿಗೆ ಹೇಗೂ ರಜ. ಒಂದು ಭಾನುವಾರ ಸೀಮೆಸುಣ್ಣ ಕೊಟ್ಟು, ಎಂಟು, ಹನ್ನೊಂದು, ಎರಡು, ನಾಲ್ಕು ಗಂಟೆಗಳಿಗೆ ತಾರಸಿಯಲ್ಲೂ ಬಾಲ್ಕನಿಯಲ್ಲೂ ನೆರಳಿನ ಅಂಚಿಗೆ ಗೆರೆ ಎಳೆಯಹೇಳಿ. ಐದಾರು ಗಂಟೆ ಬಿಸಿಲು ಬೀಳುವ ಜಾಗ ಬಿಸಿಲಿನ ಗಿಡಕ್ಕೆ. ಬೆಳಗಿನ ಎರಡು ಮೂರು ಗಂಟೆ ಮಾತ್ರ ಬೀಳುವುದು ಅರೆನೆರಳಿನದಕ್ಕೆ. ಬಿಸಿಲಿಲ್ಲದೆ ಬೆಳಕಷ್ಟೇ ಇರುವುದು ನೆರಳಿನದಕ್ಕೆ. ಬೆಳಕೂ ಇಲ್ಲದ ಮೂಲೆಯಲ್ಲಿ ಹೂವಿನ ಆಸೆ ಬೇಡ.

ಇನ್ನು ನೀರು. ಹನ್ನೆರಡು ಅಂಗುಲದ ಒಂದು ಕುಂಡ ಕಡು ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ಕುಡಿಯಬಲ್ಲದು. ಹತ್ತು ಕುಂಡವಾದರೆ ಒಂದು ಬಕೆಟ್. ಟ್ಯಾಂಕರಿಗೆ ಹಣ ತೆತ್ತು ಸ್ನಾನಕ್ಕೆ ನೀರು ಅಳೆಯುವ ಮನೆಯಲ್ಲಿ ಆ ಒಂದು ಬಕೆಟ್ ಸಣ್ಣ ಮಾತಲ್ಲ. ಹೂವಿನ ಗಿಡದ ದೆಸೆಯಿಂದ ಮನೆಮಂದಿಯ ನಡುವೆ ಜಗಳವಾದದ್ದೂ ಉಂಟು. 2024ರ ಮಾರ್ಚಿಯಲ್ಲಂತೂ ಬೆಂಗಳೂರು ಜಲಮಂಡಲಿಯವರು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ಗೊತ್ತುಮಾಡಿದ್ದರು. ಆದುದರಿಂದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಷ್ಟು ಸಿಗುತ್ತದೆಯೋ ಅಷ್ಟಕ್ಕೆ ತಕ್ಕಷ್ಟೇ ಕುಂಡಗಳನ್ನು ಇಡುವುದು ಜಾಣತನ. ಅದು ಗಿಡಕ್ಕೆ ಹಿತವಾದ ನೀರೇ. ಸಾಬೂನು ಬೆರೆತದ್ದು ಬೇಡ. ನೀರು ಶುದ್ಧಿಮಾಡುವ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೇ ದಿನವೂ ಹಾಕಿದರೆ ಕುಂಡದ ಬಾಯಂಚಿನಲ್ಲಿ ಬಿಳಿಯ ಪುಡಿ ಕಟ್ಟುತ್ತದೆ, ಬೆಗೋನಿಯಾದಂಥ ನಾಜೂಕಿನ ಗಿಡ ಸೊರಗುತ್ತದೆ. ಕಾಗದದ ಹೂವಿನಂಥ ಗಟ್ಟಿ ಗಿಡಕ್ಕೆ ಆಗೀಗ ಹಾಕಬಹುದು.

ಬಿಸಿಲಿನ ಗಿಡಗಳಲ್ಲಿ ಮೊದಲ ಮಣೆ ನಿತ್ಯಪುಷ್ಪಕ್ಕೆ. ಕಾಶಿ ಕಣಗಿಲೆ, ಸದಾಪುಷ್ಪ ಎಂದೂ ಇದನ್ನು ಕರೆಯುವುದುಂಟು. ಗೋಡೆಯ ಬಿರುಕಿನಲ್ಲೂ ಬೆಳೆಯುತ್ತದೆಂದು ಜನ ಇದನ್ನು ತಾತ್ಸಾರದಿಂದ ಕಾಣುತ್ತಾರೆ. ನನಗೋ ಅದೇ ಅದರ ದೊಡ್ಡತನವೆನಿಸುತ್ತದೆ. ಮಡಗಾಸ್ಕರ್ ದ್ವೀಪ ಇದರ ತವರು. ವರ್ಷವಿಡೀ ಹೂವು, ಪೂಜೆಗೂ ಸಲ್ಲುತ್ತದೆ. ಇದನ್ನು ಕೊಲ್ಲುವುದು ಬಿಸಿಲಲ್ಲ, ಅತಿಯಾದ ನೀರು. ಬೇರು ಕೊಳೆತು ಒಂದೇ ದಿನದಲ್ಲಿ ತಲೆಬಾಗುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. 1950ರ ದಶಕದ ಕೊನೆಯಲ್ಲಿ, ಸಕ್ಕರೆ ಕಾಯಿಲೆಗೆ ಇದರಲ್ಲಿ ಮದ್ದುಂಟೇ ಎಂದು ಪರೀಕ್ಷಿಸುತ್ತಿದ್ದ ಕೆನಡಾದ ಸಂಶೋಧಕರಿಗೆ ದೊರೆತದ್ದು ಬೇರೆಯೇ: ಇದರ ಸತ್ತ್ವವು ರಕ್ತದ ಬಿಳಿಯ ಕಣಗಳನ್ನು ಇಳಿಸುತ್ತಿತ್ತು. ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ. ಹಾಗೆಂದು ಎಲೆಯನ್ನು ಮನೆಯಲ್ಲಿ ಕಷಾಯ ಮಾಡಿ ಕುಡಿಯುವ ಸಾಹಸ ಬೇಡ. ಅದು ವಿಷವೂ ಹೌದು.

ಟೇಬಲ್ ರೋಸ್ ಎಂದು ಹೆಣ್ಣುಮಕ್ಕಳು ಕರೆಯುವ ಪೋರ್ಟುಲಾಕಾ ಇನ್ನೂ ಸುಲಭ. ನೆರೆಮನೆಯಿಂದ ಬೆರಳುದ್ದದ ಒಂದು ತುಂಡು ತಂದು ಚುಚ್ಚಿದರೆ ಸಾಕು. ದಪ್ಪನೆಯ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವುದರಿಂದ ಎರಡು ದಿನ ಊರಿಗೆ ಹೋಗಿ ಬಂದರೂ ಮುನಿಯದು. ಬಿಸಿಲೇರಿದ ಮೇಲೆ ಅರಳಿ ಮಧ್ಯಾಹ್ನ ಕಳೆದೊಡನೆ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೊರಟು ಸಂಜೆ ಆರಕ್ಕೆ ಮರಳುವವರಿಗೆ ಇದರ ದರ್ಶನ ಭಾನುವಾರ ಮಾತ್ರ. ಅಂಥವರು ಝಿನ್ನಿಯಾ ಬಿತ್ತಲಿ. ಬೀಜ ಹಾಕಿ ಎರಡು ತಿಂಗಳೊಳಗೆ ಹೂವು, ಹಗಲಿರುಳೂ ಅರಳಿಯೇ ಇರುತ್ತದೆ. 2016ರ ಜನವರಿಯಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ಅರಳಿದ್ದು ಈ ಹೂವೇ. ಸಂಜೆಯ ಹೊತ್ತು ಎಲೆಯ ಮೇಲೆ ನೀರು ಚೆಲ್ಲಿದರೆ ಮಾತ್ರ ಬೂದಿರೋಗ ಬರುತ್ತದೆ, ಬುಡಕ್ಕೆ ಹಾಕಿ.

ಪಶ್ಚಿಮದ ಆ ಸುಡುಗೋಡೆಯ ಬುಡಕ್ಕೆ ಕಾಗದದ ಹೂವನ್ನು ಬಿಟ್ಟರೆ ಬೇರೆ ಗತಿಯಿಲ್ಲ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ತಾಪ 39.2 ಡಿಗ್ರಿಗೆ ಏರಿತ್ತು. ಕಲಬುರಗಿ, ರಾಯಚೂರುಗಳಿಗೆ ಅದು ಏನೇನೂ ಅಲ್ಲ. ಅಲ್ಲಿಯೂ ನಗುವ ಗಿಡವಿದು. ನೀರು ಹೆಚ್ಚಾದರೆ ಬರಿಯ ಎಲೆ, ತುಸು ಬಾಯಾರಿದರೆ ಬಣ್ಣವೋ ಬಣ್ಣ. ಮುಳ್ಳಿರುವುದರಿಂದ ಮಕ್ಕಳು ಓಡಾಡುವ ಹಾದಿಯಲ್ಲಿ ಇಡಬಾರದಷ್ಟೆ.

ಇಷ್ಟು ಹೇಳಿದರೂ ಅಜ್ಜಿಯಂದಿರ ಪ್ರಶ್ನೆ ಒಂದೇ: “ಮುಡಿಯುವುದಕ್ಕೆ ಏನು?” ನ್ಯಾಯವಾದ ಪ್ರಶ್ನೆಯೇ. ದುಂಡುಮಲ್ಲಿಗೆ ಹನ್ನೆರಡು ಹದಿನಾಲ್ಕು ಅಂಗುಲದ ಕುಂಡದಲ್ಲಿ ಸೊಗಸಾಗಿ ಬರುತ್ತದೆ. “ಗಿಡ ಹುಲುಸಾಗಿದೆ, ಮೊಗ್ಗೇ ಇಲ್ಲ” ಎಂಬ ದೂರಿಗೆ ಕಾರಣ ಬಹುಪಾಲು ನೆರಳು. ಇದಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಇನ್ನೊಂದು ಕಾರಣ, ಸವರದಿರುವುದು. ಡಿಸೆಂಬರಿನಲ್ಲಿ ಕೆಲವು ದಿನ ನೀರು ಕಡಿಮೆಮಾಡಿ, ಕೊಂಬೆಗಳನ್ನು ಅರ್ಧಕ್ಕೆ ಸವರಿ, ಆಮೇಲೆ ಗೊಬ್ಬರ ಕೊಟ್ಟರೆ ಮಾರ್ಚಿಯಿಂದ ಮೊಗ್ಗು. ಈ ವರ್ಷ ಸವರದಿದ್ದವರು ಮೊದಲ ಸುತ್ತಿನ ಹೂವು ಮುಗಿದೊಡನೆ ತುದಿಗಳನ್ನಾದರೂ ಚಿವುಟಲಿ. ಬಿಸಿಲು ಸಾಲದ ಮನೆಯವರು ಕನಕಾಂಬರವನ್ನು ನೆಚ್ಚಬಹುದು. ಅರೆನೆರಳು ಅದಕ್ಕೆ ಒಗ್ಗುತ್ತದೆ. ದೆಹಲಿ ಕನಕಾಂಬರವೆಂಬ ತಳಿ ಬೀಜ ಕಟ್ಟುವುದಿಲ್ಲ. ಬೀಜ ಹುಡುಕುತ್ತ ಕೂರದೆ ಕಡ್ಡಿ ತಂದು ನೆಡಿ.

ನೆರಳಿನ ಹೂವುಗಳು ಎಣಿಕೆಗೆ ಕಡಿಮೆ. ಬೆಗೋನಿಯಾ, ಟೊರೇನಿಯಾ ಇವೆರಡೂ ಬೆಳಕಿರುವ ನೆರಳಿನಲ್ಲಿ ಬೇಸಿಗೆಯನ್ನು ನೀಗುತ್ತವೆ. ಆಂಥೂರಿಯಂ ಮಲೆನಾಡು, ಕೊಡಗು, ಬೆಂಗಳೂರಿಗೆ ಸರಿ. ಬಯಲುಸೀಮೆಯ ಒಣಗಾಳಿಗೆ ಅಲ್ಲ. ಹೈಡ್ರಾಂಜಿಯಾದ ಗೊಂಚಲು ಕಣ್ಣಿಗೆ ಹಬ್ಬವೇನೋ ಸರಿ, ಆದರೆ ಅದರಂಥ ನೀರುಬಾಕ ಮತ್ತೊಂದಿಲ್ಲ; ನೀರಿನ ಬರವಿರುವ ಮನೆಗೆ ನಾನು ಹೇಳಲಾರೆ. ಹೂವಿನ ಹಟ ಬಿಟ್ಟವರಿಗೆ ಕೋಲಿಯಸ್ಸಿನ ಬಣ್ಣದ ಎಲೆಯೇ ಹೂವು. ಗೌರಿಹೂವಿಗೆ ಅವಸರಪಡಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಅದು ದಿನವೂ ಮಧ್ಯಾಹ್ನ ಬಾಡಿ ಮಲಗುತ್ತದೆ; ಜೂನಿನ ಮಳೆ ಹಿಡಿದ ಮೇಲೆ ಬಿತ್ತಿದರೆ ಗೌರಿಹಬ್ಬಕ್ಕೆ ಹೂವಾಗುತ್ತದೆ.

ಕುಂಡದ ವಿಷಯ ಎರಡೇ ಮಾತು. ಮಣ್ಣಿನ ಕುಂಡದಲ್ಲಿ ಬೇರು ತಂಪಾಗಿರುತ್ತದೆ, ಆದರೆ ನೀರು ಬೇಗ ಆರುತ್ತದೆ. ಪ್ಲಾಸ್ಟಿಕ್ಕಿನದರಲ್ಲಿ ನೀರು ನಿಲ್ಲುತ್ತದೆ, ಆದರೆ ಕಪ್ಪು ಬಣ್ಣದ್ದಾದರೆ ಬಿಸಿಲಿಗೆ ಬೇರು ಬೇಯುತ್ತದೆ. ಎರಡಕ್ಕೂ ಕೆಮ್ಮಣ್ಣು, ಕೊಟ್ಟಿಗೆಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಹಾಕಿ, ಮೇಲೆ ಒಣಗಿದ ಎಲೆ ಹೊದಿಸಿ. ತಾರಸಿಯಲ್ಲಾದರೆ ಇಟ್ಟಿಗೆಯ ಮೇಲೆ ಕೂರಿಸಿ. ಅಡಿಯ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆ ಎರಡು ಸಲವಾದರೂ ಚೆಲ್ಲಿ. ಡೆಂಗೀ ಜ್ವರದ ಸೊಳ್ಳೆಗೆ ಅಷ್ಟು ನೀರು ಧಾರಾಳ.

ನೆರಳಿಗೆ ಒಂದು ಗಡ್ಡೆಯನ್ನು ಹೇಳುವುದು ಉಳಿದಿದೆ. ಮೇ ಹೂವು, ಫುಟ್‌ಬಾಲ್ ಲಿಲ್ಲಿ ಎಂದೆಲ್ಲ ಅದಕ್ಕೆ ಹೆಸರು. ಚಳಿಗಾಲದಲ್ಲಿ ಎಲೆಯನ್ನೂ ಕಳಚಿ ಮಣ್ಣೊಳಗೆ ನಿದ್ದೆಹೋಗುತ್ತದೆ. ಆಗ ನೀರು ಬೇಡ. ಬೇಸಿಗೆಯ ಮೊದಲ ಮಳೆಗಳು ಬಿದ್ದ ಮೇಲೆ ಬರಿಯ ಮಣ್ಣಿನಿಂದ ಒಂದು ದಂಟು ಎದ್ದು, ಅದರ ತುದಿಯಲ್ಲಿ ಅಂಗೈಯಗಲದ ಕೆಂಪು ಚೆಂಡು ಅರಳುತ್ತದೆ. ಒಂದು ವಾರ ನಿಲ್ಲುತ್ತದೆ. ಎಲೆ ಬರುವುದು ಆಮೇಲೆ. ಫೆಬ್ರವರಿಯಲ್ಲಿ ಮನೆ ಚೊಕ್ಕಟಮಾಡುವಾಗ ಖಾಲಿ ಕುಂಡವೆಂದು ಯಾರೂ ಅದನ್ನು ಬರಿದುಮಾಡದಂತೆ ಒಂದು ಕಡ್ಡಿಗೆ ಚೀಟಿ ಕಟ್ಟಿ ಸಿಕ್ಕಿಸಿಡಿ.