ಮಗುವಿನ ಕಾಯಿಲೆಯನ್ನು ಬಚ್ಚಿಡುವುದೇಕೆ?

ಮಗುವಿಗೆ ಸಕ್ಕರೆ ಕಾಯಿಲೆ ಎಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, 'ಎಂದು ಗುಣವಾದೀತು?' ಎರಡನೆಯದು, 'ಯಾರಿಗೂ ತಿಳಿಯದಂತೆ ಮಾಡುವುದು ಹೇಗೆ?' ಮಗು ಹೆಣ್ಣಾದರೆ ಈ ಎರಡನೆಯದೇ ಮೊದಲಾಗುತ್ತದೆ. ಒಂದು ಮನೆಯ ಮಾತು ಸಂಜೆಯೊಳಗೆ ಓಣಿಯ ಮಾತಾಗುವ ತಿಕೋಟಾದಂತಹ ಊರಿನಲ್ಲಿ ಈ ಭಯ ಅಸಹಜವಲ್ಲ. ಆದರೆ ಅದರ ಬೆಲೆ ತೆರುವುದು ಮಗು.

ಟೈಪ್ ಒಂದು ಮಧುಮೇಹವು ಸಿಹಿ ತಿಂದದ್ದರಿಂದಲೋ ಹೆತ್ತವರ ತಪ್ಪಿನಿಂದಲೋ ಬರುವುದಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಗೊಳಿಸುತ್ತದೆ. ಕಷಾಯವಾಗಲಿ ತಾಯಿತವಾಗಲಿ ಆ ಕೊರತೆಯನ್ನು ತುಂಬಲಾರವು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚುವವರೆಗೆ ಇಂತಹ ಮಕ್ಕಳ ಪಾಲಿಗೆ ಈ ಕಾಯಿಲೆ ಮರಣವೇ ಆಗಿತ್ತು. ಇಂದು ಅದೇ ಮದ್ದು ಕೈಗೆಟಕುವಾಗ 'ಸೂಜಿ ಚಟವಾದೀತು' ಎಂದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಪ್ರಾಣಕ್ಕೆ ಕುತ್ತು ಬರುತ್ತದೆ.

ಬಚ್ಚಿಟ್ಟ ಕಾಯಿಲೆ ಶಾಲೆಯಲ್ಲಿ ಇನ್ನಷ್ಟು ಅಪಾಯಕಾರಿ. ಮಗು ಬೆವತು ನಡುಗಿ ತಬ್ಬಿಬ್ಬಾದರೆ ರಕ್ತದ ಸಕ್ಕರೆ ಇಳಿದಿದೆಯೆಂದು ಶಿಕ್ಷಕರು ಅರಿಯಬೇಕು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರೆ ಮಗು ಚೇತರಿಸಿಕೊಳ್ಳುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂತಹ ಮಕ್ಕಳಿಗೆ ತರಗತಿಯಲ್ಲೂ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ಪಡೆಯಲು, ತಿಂಡಿ ತಿನ್ನಲು ಅವಕಾಶ ನೀಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ನಾವೇ ಬಾಯಿ ಬಿಡದಿದ್ದರೆ ಈ ಹಕ್ಕನ್ನು ಕೇಳುವವರು ಯಾರು?

ನಮ್ಮ ಬೇಸಿಗೆಯ ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿ ಅದನ್ನು ಕಾಪಾಡಬಹುದು. ರಮಝಾನಿನಲ್ಲಿ ಮಗು ಉಪವಾಸಕ್ಕೆ ಹಟ ಹಿಡಿದರೆ, ರೋಗಿಗೆ ಅಲ್ಲಾಹನೇ ವಿನಾಯಿತಿ ನೀಡಿದ್ದಾನೆಂದು ಪ್ರೀತಿಯಿಂದ ತಿಳಿಹೇಳಬೇಕು. ಆ ವಿನಾಯಿತಿ ಅವಮಾನವಲ್ಲ, ಅನುಗ್ರಹ.

ಮದುವೆಯ ಚಿಂತೆಯೂ ಅಷ್ಟೆ. ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡ ಹೆಣ್ಣುಮಗಳು ಓದಬಲ್ಲಳು, ದುಡಿಯಬಲ್ಲಳು, ತಾಯಿಯೂ ಆಗಬಲ್ಲಳು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಅವಳು ಸೂಜಿಯನ್ನೂ ಮುಚ್ಚಿಡಬೇಕಾಗುತ್ತದೆ. ಒಂದು ಸಂಬಂಧ ಕೈತಪ್ಪಿದರೆ ಇನ್ನೊಂದು ಬಂದೀತು, ಮಗುವಿನ ಜೀವ ಮರಳಿ ಬಾರದು. ಬಾಗಿಲು ಮುಚ್ಚಿ ಇನ್ಸುಲಿನ್ ಕೊಡುವುದನ್ನು ನಾವು ಇಂದೇ ನಿಲ್ಲಿಸೋಣ.