ನೇರಪ್ರಸಾರದ ಮುದ್ರೆ ಮತ್ತು ಪ್ರತಿರೂಪಕ ವ್ಯವಹಾರ

ದೂರದರ್ಶನದ ಪರದೆಯ ಮೂಲೆಯಲ್ಲಿ 'ನೇರಪ್ರಸಾರ' ಎಂಬ ಪುಟ್ಟ ಮುದ್ರೆ ಕಾಣಿಸಿಕೊಂಡೊಡನೆ ನೋಡುವವನು ಕುಳಿತ ಭಂಗಿಯೇ ಬದಲಾಗುತ್ತದೆ. ಮುಂದೇನಾಗುವುದೆಂಬುದು ತನ್ನಂತೆಯೇ ತೋರಿಸುವವನಿಗೂ ತಿಳಿಯದೆಂಬ ನಂಬಿಕೆಯಿಂದ ಅವನು ಉಸಿರು ಬಿಗಿಹಿಡಿದು ಕಾಯುತ್ತಾನೆ. ಮೊದಲೇ ಮುದ್ರಿಸಿಟ್ಟ ದೃಶ್ಯಕ್ಕೆ ಆ ಬೆಲೆ ದೊರೆಯದು. ಬೆಲೆ ಬೇರೆಯಾದ ಎರಡು ಸರಕುಗಳನ್ನು ಒಂದೇ ಚೀಲದಲ್ಲಿ ಬೆರೆಸಿ ಮೇಲಿನ ದರಕ್ಕೆ ಮಾರಿದರೆ ಪೇಟೆಯಲ್ಲಿ ಅದು ಕಲಬೆರಕೆ. ಸ್ಟುಡಿಯೋದಲ್ಲಿ ಮಾತ್ರ ಅದಕ್ಕೆ ನಿರ್ಮಾಣಕೌಶಲವೆಂಬ ಗೌರವ!

1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರಸಾರದ ಹಕ್ಕಿಗಾಗಿ ಅಮೆರಿಕದ ಎನ್‌ಬಿಸಿ ಸಂಸ್ಥೆ 45 ಕೋಟಿ 60 ಲಕ್ಷ ಡಾಲರ್ ತೆತ್ತಿತ್ತು. ಜುಲೈ 23ರಂದು ಮಹಿಳೆಯರ ಜಿಮ್ನಾಸ್ಟಿಕ್ಸ್ ತಂಡಸ್ಪರ್ಧೆ. ಕೆರಿ ಸ್ಟ್ರಗ್ ಎಂಬ ಹುಡುಗಿ ಮೊದಲ ಜಿಗಿತದಲ್ಲಿ ಬಿದ್ದು ಪಾದದ ಗಂಟಿಗೆ ಪೆಟ್ಟು ಮಾಡಿಕೊಂಡಳು, ಅಂಕ 9.162. ಅದೇ ಕಾಲಿನಲ್ಲಿ ಎರಡನೆಯ ಸಲ ಓಡಿ ಜಿಗಿದು 9.712 ಪಡೆದಳು. ಆಟ ನಡೆದದ್ದು ಅವರದೇ ನೆಲದಲ್ಲಿ. ಆದರೂ ಮನೆಮಂದಿ ಅದನ್ನು ಕಂಡದ್ದು ಗಂಟೆಗಳ ತರುವಾಯ, ಜಾಹೀರಾತಿಗೆ ಹೆಚ್ಚು ಬೆಲೆಯುಳ್ಳ ರಾತ್ರಿಯ ವೇಳೆಯಲ್ಲಿ. ನೇರದೃಶ್ಯ ಮತ್ತು ಮುದ್ರಿತದೃಶ್ಯಗಳನ್ನು ಹೀಗೆ ಒಂದೇ ದಾರಕ್ಕೆ ಪೋಣಿಸುವ ಪದ್ಧತಿಗೆ ಸಂಸ್ಥೆಯ ಕ್ರೀಡಾವಿಭಾಗದ ಮುಖ್ಯಸ್ಥ ಡಿಕ್ ಎಬರ್ಸೋಲ್ ಇಟ್ಟ ಹೆಸರಿನ ತಾತ್ಪರ್ಯ: 'ನೇರವೆಂದು ನಂಬಬಹುದಾದದ್ದು'.

ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. ಆರು ಮಂದಿಯಲ್ಲಿ ಐವರ ಉತ್ತಮ ಅಂಕಗಳು ಮಾತ್ರ ಎಣಿಕೆಗೆ ಬರುತ್ತಿದ್ದವು. ಸ್ಟ್ರಗ್ ಎರಡನೆಯ ಸಲ ಜಿಗಿಯದಿದ್ದರೆ ಸಹಸ್ಪರ್ಧಿಯ 9.200 ಎಣಿಕೆಗೆ ಸೇರುತ್ತಿತ್ತು, ನಷ್ಟ 0.512. ಅಮೆರಿಕದ ಮೊತ್ತ 389.225ರ ಬದಲು 388.713 ಆಗುತ್ತಿತ್ತು. ರಷ್ಯಾದ ಮೊತ್ತ 388.404. ಚಿನ್ನ ಹೇಗೂ ಕೈತಪ್ಪುತ್ತಿರಲಿಲ್ಲ. ರಷ್ಯಾದವರ ಸರದಿ ಇನ್ನೂ ಮುಗಿಯದಿದ್ದುದರಿಂದ ಆ ಹುಡುಗಿಗೆ ಇದು ತಿಳಿದಿರಲಿಲ್ಲ. ಅವಳ ಧೈರ್ಯಕ್ಕೆ ಕಿಂಚಿತ್ತೂ ಕುಂದಿಲ್ಲ. ರಾತ್ರಿ ಪ್ರಸಾರಕ್ಕೆ ಕುಳಿತವರ ಕೈಯಲ್ಲಾದರೋ ಅಂತಿಮ ಪಟ್ಟಿಯೇ ಇತ್ತು. ತೀರಿಹೋದ ಆತಂಕವನ್ನು ಅವರು ಹೊಸದೆಂಬಂತೆ ಮಾರಿದರು.

2008ರ ಬೀಜಿಂಗ್ ಉದ್ಘಾಟನೆಯಲ್ಲಿ ಆಕಾಶದಲ್ಲಿ ಮೂಡಿದ 29 ಹೆಜ್ಜೆಗುರುತುಗಳ ಬಾಣಬಿರುಸು ನಗರದಲ್ಲಿ ನಿಜವಾಗಿಯೂ ಸಿಡಿದಿತ್ತು. ಪರದೆಯ ಮೇಲೆ ಕಂಡದ್ದರ ಬಹುಭಾಗ ಮಾತ್ರ ಮೊದಲೇ ಗಣಕಯಂತ್ರದಲ್ಲಿ ರಚಿಸಿಟ್ಟಿದ್ದು.

"ಸುಳ್ಳಾಡಿಲ್ಲವಲ್ಲ, ಎಲ್ಲವೂ ನಡೆದದ್ದೇ ಅಲ್ಲವೇ" ಎಂಬುದು ಇಂಥ ಪ್ರಸಾರಗಳ ಸಮರ್ಥಕರ ವಾದ. ಒಪ್ಪೋಣ. ಆದರೆ ತತ್ತ್ವಾರ್ಥಸೂತ್ರಕಾರರು ಪ್ರತಿರೂಪಕ ವ್ಯವಹಾರವನ್ನು ಇಟ್ಟಿರುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಅಲ್ಲ, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ. ಕೃತಕ ಚಿನ್ನವನ್ನು ಅಸಲಿನಂತೆ ದಾಟಿಸುವವನು ಬಾಯಿ ತೆರೆಯದೆಯೇ ಕದಿಯಬಲ್ಲ. ನೋಡುಗನಿಂದ ಇಲ್ಲಿ ಅಪಹೃತವಾಗುವುದು ಅವನ ಹೊತ್ತು ಮತ್ತು ವಿಶ್ವಾಸ. ಮುದ್ರಿತ ದೃಶ್ಯವನ್ನು ತೋರಿಸುವುದೇ ದೋಷವೆಂದು ಯಾರೂ ಹೇಳುತ್ತಿಲ್ಲ. ಹಳೆಯ ಅಕ್ಕಿಯನ್ನು ಹಳೆಯ ಅಕ್ಕಿಯೆಂದೇ ಮಾರಿದರೆ ಗಿರಾಕಿ ಅದನ್ನೇ ಮೆಚ್ಚಿ ಕೊಳ್ಳುವುದುಂಟು.

ಬಸದಿಗಳ ಆಡಳಿತ ಮಂಡಳಿಗಳು ಈ ಮಾತು ಪರರಿಗೆ ಸಂಬಂಧಿಸಿದ್ದೆಂದು ಸುಮ್ಮನಿರುವಂತಿಲ್ಲ. ಅಭಿಷೇಕ, ಪಂಚಕಲ್ಯಾಣಗಳು ಈಗ ಮನೆಮನೆಯ ಪರದೆಗೆ ನೇರವಾಗಿ ಹರಿದುಬರುತ್ತಿವೆ. ಹೊಸ್ತಿಲು ದಾಟಲಾರದ ಹಿರಿಯರು ಸ್ನಾನ ಮಾಡಿ, ಮಡಿಯುಟ್ಟು, ಆ ಘಳಿಗೆಗೆ ಸರಿಯಾಗಿ ಕೈಮುಗಿದು ಕೂರುತ್ತಾರೆ. ಮಳೆಯಿಂದಲೋ ವಿದ್ಯುತ್ತಿನ ತೊಂದರೆಯಿಂದಲೋ ಚಿತ್ರ ಕಡಿದಾಗ ಹೋದ ವರ್ಷದ ಕ್ಷೀರಾಭಿಷೇಕವನ್ನು ಸದ್ದಿಲ್ಲದೆ ತೂರಿಸಿ, ಮೂಲೆಯ ಮುದ್ರೆಯನ್ನು ಹಾಗೆಯೇ ಉಳಿಸಿದರೆ, ಆ ಕೈಗಳು ಮುಗಿದದ್ದು ಯಾವ ಘಳಿಗೆಗೆ? ಅಂಥ ವೇಳೆಯಲ್ಲಿ 'ಮುದ್ರಿತ' ಎಂಬ ಮೂರಕ್ಷರವನ್ನು ಪರದೆಯ ಮೇಲೆ ಹಾಕಲು ಮಂಡಳಿಗೆ ಒಂದು ರೂಪಾಯಿಯೂ ಖರ್ಚಾಗದು. ಛಾಯಾಗ್ರಾಹಕರೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೇ ಈ ನಿಬಂಧನೆಯನ್ನು ಬರೆಯಿಸತಕ್ಕದ್ದು.