ಹೆಣ ಮುಟ್ಟಿದ ಕೈ

ಗಣಪತಿಗೆ ಆನೆ ತಲೆ ಜೋಡಿಸಿದವನು ಯಾರೋ ಪ್ಲಾಸ್ಟಿಕ್ ಸರ್ಜನ್ ಇದ್ದಿರಬೇಕು ಅಂತ 2014ರಲ್ಲಿ ದೇಶದ ಪ್ರಧಾನಿಯೇ ಮುಂಬಯಿಯಲ್ಲಿ ವೈದ್ಯರ ಎದುರು ಹೇಳಿದರು. 2019ರಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಕೌರವರು ಪ್ರನಾಳ ಶಿಶುಗಳಾದರು. ಇದಕ್ಕೆ ನಕ್ಕು ಸುಮ್ಮನಾದರೆ ಸಾಲದು ಗೆಳೆಯರೇ.

ಈ ನೆಲದಲ್ಲಿ ನಿಜವಾದ ಶಸ್ತ್ರವೈದ್ಯ ಇದ್ದ. ಅದಕ್ಕೆ ಗಣಪತಿಯ ಸಾಕ್ಷಿ ಬೇಕಿಲ್ಲ. ಸುಶ್ರುತ ಸಂಹಿತೆ ತೆಗೆದು ನೋಡಿ. ಕತ್ತರಿಸಿಹೋದ ಮೂಗಿಗೆ ಎಲೆಯಿಂದ ಅಳತೆ ತೆಗೆದು, ಅಷ್ಟೇ ಚರ್ಮವನ್ನು ಕೆನ್ನೆಯಿಂದ ಬಿಡಿಸಿ ಕೂರಿಸುವ ಕ್ರಮ ಅಲ್ಲಿದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ದೇಹದ ಒಳಗೇನಿದೆ ಎಂದು ತಿಳಿಯಬೇಕಾದವನು ಹೆಣ ತಂದು, ಹುಲ್ಲು ನಾರು ಸುತ್ತಿ, ಪಂಜರದಲ್ಲಿಟ್ಟು, ಹೊಳೆಯ ನೀರಿನಲ್ಲಿ ಏಳು ರಾತ್ರಿ ಕೊಳೆಯಲು ಬಿಡಬೇಕು. ಆಮೇಲೆ ಲಾವಂಚದ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕು. ಶಾಸ್ತ್ರ ಓದಿದ್ದಷ್ಟೇ ಸಾಲದು, ಕಣ್ಣಲ್ಲಿ ಕಂಡದ್ದೂ ಬೇಕು ಎನ್ನುತ್ತದೆ ಆ ಗ್ರಂಥ.

ಆ ಕೈಗೆ ಸಿಕ್ಕ ಮರ್ಯಾದೆ ಏನು? ವೈದ್ಯನ ಅನ್ನ ಕೀವು ಅಂತ ಮನುಸ್ಮೃತಿಯ ನಾಲ್ಕನೇ ಅಧ್ಯಾಯ ಬರೆಯಿತು. ಅಲ್ಲೇ ಹತ್ತಿರದಲ್ಲಿ, ಚರ್ಮ ಕೊಯ್ಯುವವನ ಅನ್ನ ಉಂಡರೆ ಕೀರ್ತಿ ಹೋಗುತ್ತದೆ, ಅಕ್ಕಸಾಲಿಯ ಅನ್ನ ಉಂಡರೆ ಆಯುಷ್ಯ! ಹೆಣ ಕೊಯ್ದವನೂ ಸತ್ತ ದನ ಸುಲಿದವನೂ ಒಟ್ಟಿಗೇ ಪಂಕ್ತಿಯಿಂದ ಹೊರಬಿದ್ದರು. ಕೈಯಲ್ಲಿ ಕಲಿಯುವವನು ಹೊಲಸು, ಬಾಯಲ್ಲಿ ಹೇಳುವವನು ಮಡಿ. ವಿಚಾರ ಇಲ್ಲಿ ಬತ್ತಿದ್ದು ಹೀಗೆ. ಇದು ನಮ್ಮ ಹೊಟ್ಟೆಕಿಚ್ಚಿನ ಮಾತಲ್ಲ, ಬಂಗಾಳದ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಹಿಂದೂ ರಸಾಯನದ ಚರಿತ್ರೆಯಲ್ಲಿ ಹೇಳಿದ್ದೂ ಇದನ್ನೇ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಮತ್ತವರ ಸಂಗಡಿಗರು ಮನುಸ್ಮೃತಿ ಸುಟ್ಟಾಗ ವೈದ್ಯನ ಮೇಲಿನ ಆ ಬೈಗುಳವೂ ಸುಟ್ಟಿತು. ವೈದ್ಯರಿಗೆ ಇದರ ನೆನಪಿದ್ದಂತಿಲ್ಲ.

ಹಾಗಂತ ಗಣಪತಿ ಕಥೆಯಲ್ಲಿ ಅರ್ಥವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಅವ್ವ ತನ್ನ ಮೈಕೊಳೆ ತಿಕ್ಕಿ ಮಾಡಿದ ಹುಡುಗ. ಅವಳ ಮಾತಿಗೆ ಬಾಗಿಲಲ್ಲಿ ನಿಂತು, ಬಂದವನು ಎಂಥ ದೊಡ್ಡವನೆಂದು ನೋಡದೆ, ಒಳಗೆ ಬಿಡೋದಿಲ್ಲ ಅಂದ. ತಲೆ ಹೋಯಿತು. ಇದೇನು ಆಸ್ಪತ್ರೆಯ ಕಥೆಯೇ? ನಮ್ಮ ಕೇರಿಯ ಯಾವ ಅಜ್ಜಿಯನ್ನಾದರೂ ಕೇಳಿ. ಆಕೆಗೆ ನೆನಪಿರೋದು ತಲೆ ಜೋಡಿಸಿದ್ದಲ್ಲ, ಕಡಿದದ್ದು.

ಮೈಲಿಗೆಯ ಕೆಲಸವನ್ನು ಈಗಲೂ ನಮ್ಮವರ ಕೈಗೇ ಬಿಟ್ಟಿದ್ದಾರೆ. 2013ರ ಕಾನೂನು ಬಂದ ಮೇಲೂ ಮಲದ ಗುಂಡಿಗೆ ಇಳಿದವರು ಉಸಿರುಕಟ್ಟಿ ಸತ್ತಿದ್ದಾರೆ. ಗುಂಡಿಯೊಳಗಿನ ಕೆಟ್ಟ ಗಾಳಿ ಅಳೆಯುವ ಯಂತ್ರ ಇದೆ, ಮಲ ಹೀರುವ ಯಂತ್ರವೂ ಇದೆ. ಪುಷ್ಪಕ ವಿಮಾನದ ಲೆಕ್ಕ ಹೇಳುವವರು ನಮ್ಮೂರಿಗೆ ಬಂದಾಗ ಈ ಎರಡು ಯಂತ್ರದ ಲೆಕ್ಕವನ್ನು ಅವರ ಸಭೆಯಲ್ಲೇ ಎದ್ದು ನಿಂತು ಕೇಳೋಣ.